ದೈವದ ನುಡಿಗೆ ಮೂರು ಪ್ರತಿ

ದೈವವು ತಾನು ನುಡಿಯಲಿರುವ ಸತ್ಯವನ್ನು ಮುಂಚಿತವಾಗಿ, ಮೂರು ಪ್ರತಿಗಳಲ್ಲಿ, ಸಂಬಂಧಪಟ್ಟ ಕಚೇರಿಗೆ ಸಲ್ಲಿಸತಕ್ಕದ್ದು ಎಂಬ ಪದ್ಧತಿ ಘಾಟ್ಕೋಪರ್‌ನಲ್ಲಿ 1955ನೆಯ ಇಸವಿಯಿಂದ ಜಾರಿಯಲ್ಲಿದೆ. ಅದರಿಂದ ಸತ್ಯಕ್ಕೆ ಯಾವ ತೊಂದರೆಯೂ ಆಗಿಲ್ಲವೆಂದು ಕಚೇರಿ ತಿಳಿಸಿದೆ.

ಅದಕ್ಕೆ ಮುಂಚೆ ಈ ಬಾಬತ್ತಿನಲ್ಲಿ ಶಿಸ್ತೆಂಬುದೇ ಇರಲಿಲ್ಲ. ಕರಾವಳಿಯ ಊರುಗಳಲ್ಲಿ ಮೊಗ ಎಂಬುದೊಂದಿದೆ. ದೈವದ ಹಿತ್ತಾಳೆಯ ಮುಖವಾಡ. ವರ್ಷವೆಲ್ಲ ಅಂಗಳದ ಹೊರಗೆ ನಿಲ್ಲುವ ಮನುಷ್ಯ ಅದನ್ನು ಕಟ್ಟಿಕೊಂಡ ದಿನ ಅಂಗಳದ ನಡುವೆ ಬಂದು, ಧಣಿಯನ್ನು ಹೆಸರು ಹಿಡಿದು ಕರೆದು, ಮಾಡಿದ ಅನ್ಯಾಯಕ್ಕೆ ಉತ್ತರ ಕೇಳುತ್ತಾನೆ. ಧಣಿ ಕೈಮುಗಿದು ಒಪ್ಪಿಕೊಳ್ಳುತ್ತಾನೆ. ಆಮೇಲೆ ಮೊಗ ಪೆಟ್ಟಿಗೆಗೆ, ಮನುಷ್ಯ ಅಂಗಳದ ಹೊರಗೆ. ಈ ವ್ಯವಸ್ಥೆ ನೂರಾರು ವರ್ಷ ಬಾಳಿದ್ದಕ್ಕೆ ಕಾರಣ, ಮೊಗವನ್ನು ಬಿಚ್ಚಲು ಬರುತ್ತದೆ ಎಂಬುದೇ.

ಹೋಟೆಲಿನ ತ್ಯಾಂಪಣ್ಣ ಶೆಟ್ಟರು ಘಾಟ್ಕೋಪರ್‌ಗೆ ಬಂದಾಗ ಇಂಥ ಒಂದು ಮೊಗವೂ ರುಬ್ಬುವ ಕಲ್ಲೂ ಒಂದೇ ಹಡಗಿನಲ್ಲಿ ಬಂದವು. ಎರಡಕ್ಕೂ ಒಬ್ಬನೇ ಸಾಕೆಂದು ಶೆಟ್ಟರು ದೂಜನನ್ನು ಕರೆಸಿಕೊಂಡರು. ದೂಜ ವರ್ಷವೆಲ್ಲ ದೋಸೆಯ ಹಿಟ್ಟು ರುಬ್ಬುವುದು, ಮೇ ತಿಂಗಳಲ್ಲಿ ದೈವಕ್ಕೆ ನಡೆಯುವ ಕೋಲದ ದಿನ ಮೊಗ ಕಟ್ಟಿಕೊಂಡು ಶೆಟ್ಟರನ್ನು ವಿಚಾರಿಸುವುದು. 1954ರಲ್ಲಿ ಮೊಗ ಕೇಳಿದ್ದಕ್ಕೇ ಹೋಟೆಲಿನವರಿಗೆ ವಾರಕ್ಕೊಂದು ರಜೆ ಸಿಕ್ಕಿತ್ತು.

ದೂಜ ಮತ್ತು ಅವನ ಹೆಂಡತಿ ನೀಲಾವತಿ ಹೋಟೆಲಿನ ಹಿಂದೆ ತಗಡಿನ ಖೋಲಿಯೊಂದರಲ್ಲಿದ್ದರು. ಮರುವರ್ಷ ಶೆಟ್ಟರಿಗೆ ಅಲ್ಲಿ ಫ್ಯಾಮಿಲಿ ರೂಂ ಕಾಣಿಸತೊಡಗಿತು. ಫ್ಯಾಮಿಲಿ ರೂಂ ಎಂದರೆ ಹೆಂಗಸರನ್ನು ಕರೆದುಕೊಂಡು ಬಂದ ಗಿರಾಕಿ ಪರದೆಯ ಹಿಂದೆ ಕೂತು, ಹೊರಗಿನದೇ ಚಹವನ್ನು ಒಂದಾಣೆ ಹೆಚ್ಚು ಕೊಟ್ಟು ಕುಡಿಯುವ ಜಾಗ. ಮಳೆಗಾಲದೊಳಗೆ ಖೋಲಿ ಕೆಡವುವುದೆಂದು ನಿಶ್ಚಯವಾಯಿತು. ದೂಜ ಈ ಕುರಿತು ಶೆಟ್ಟರ ಹತ್ತಿರ ಏನೂ ಕೇಳಲಿಲ್ಲ. ಮೊಗ ಇಲ್ಲದಾಗ ಅವನು ಅವರಿಗೆ "ಆಯ್ತು ಧಣಿ" ಎಂಬುದರ ಹೊರತು ಬೇರೆ ಮಾತು ಹೇಳಿದವನಲ್ಲ. ಆದರೆ ಕೋಲದ ದಿನ ಮೊಗ ಏನು ಕೇಳಲಿದೆಯೆಂಬುದು ಅಡುಗೆಮನೆಗೆಲ್ಲ ಗೊತ್ತಿತ್ತು. ಶೆಟ್ಟರಿಗೂ ಗೊತ್ತಿತ್ತು. ಅವರಿಗೆ ನಿದ್ದೆ ಬಾರದಾಯಿತು.

ಅವರನ್ನು ಕಾಪಾಡಿದವರು ಕನ್ನಡ ಸಂಘದ ಕಾರ್ಯದರ್ಶಿ ಚನ್ನಬಸಯ್ಯನವರು. ಧಾರವಾಡದವರು, ಕೋಟೆ ಭಾಗದ ವಿಮಾ ಕಂಪನಿಯೊಂದರಲ್ಲಿ ಹೆಡ್ ಕ್ಲಾರ್ಕ್. ನಿಯಮವನ್ನು ಮೊದಲು ಪಾಲಿಸಬೇಕು, ಅರ್ಥವನ್ನು ಪುರುಸೊತ್ತಿನಲ್ಲಿ ನೋಡಿಕೊಳ್ಳಬೇಕು ಎಂಬ ತತ್ವದವರು. ಸಾರ್ವಜನಿಕವಾಗಿ ವೇಷ ಕಟ್ಟಿ ಆಡುವ ಮಾತಿಗೆಲ್ಲ ಪೂರ್ವಾನುಮತಿ ಬೇಕೆಂದು ಅವರು ಪೇಪರಿನಲ್ಲಿ ಓದಿ, ನಮ್ಮ ಕೋಲಕ್ಕೂ ಬೇಕೇ ಎಂದು ವಿಚಾರಿಸಲು ಕಚೇರಿಗೆ ಹೋದರು. ಬೇಡವಾಗಿದ್ದರೂ, ವಿಚಾರಿಸಿದ್ದರಿಂದ ಬೇಕಾಯಿತು.

ಮಾತು ಬರೆದವರು ಯಾರೆಂದು ಅಧಿಕಾರಿಗಳು ಕೇಳಿದರು. ಯಾರೂ ಬರೆಯುವುದಿಲ್ಲ, ದೈವ ನುಡಿಯುತ್ತದೆ ಎಂದು ಚನ್ನಬಸಯ್ಯನವರು ವಿವರಿಸಿದರು. ಹಾಗಾದರೆ ಲೇಖಕರ ಹೆಸರು ದೈವ ಎಂದಾಯಿತು. ವಿಳಾಸ: ಶೆಟ್ಟರ ಹೋಟೆಲು, ಕಪಾಟು, ಮೇಲಿನ ಅರೆ. ವಯಸ್ಸಿನ ಕುರಿತು ಚರ್ಚೆ ನಡೆದು 'ಪ್ರಾಪ್ತ' ಎಂದು ಬರೆಯಲಾಯಿತು. ತುಳುವಿಗೆ ಕಚೇರಿಯಲ್ಲಿ ಕಾಲಂ ಇಲ್ಲದ್ದರಿಂದ ದೈವ ಈ ಸಲ ಕನ್ನಡದಲ್ಲಿ ನುಡಿಯತಕ್ಕದ್ದೆಂದೂ ತೀರ್ಮಾನವಾಯಿತು.

ಇನ್ನು ನುಡಿಯೊಂದು ಬಾಕಿ. ದೂಜನನ್ನು ಕರೆಸಿ, ಕೋಲದ ದಿನ ಏನು ಹೇಳುತ್ತೀ ಎಂದು ಕೇಳಿದರು.

"ನನಗೆ ಹೇಗೆ ಗೊತ್ತಾಗ್ತದೆ ಸ್ವಾಮಿ? ಮೊಗ ಕಟ್ಟಿದ ಮೇಲೆ ಅದು ಹೇಳ್ತದೆ. ಈಗ ನನಗೆ ಗೊತ್ತಿರುವುದು ಉದ್ದು ನೆನೆಹಾಕಿ ಆಯ್ತು ಅಂತ, ಅಷ್ಟೆ."

"ಹಂಗಂದ್ರ ನಡ್ಯೂದಿಲ್ಲಪ್ಪ," ಎಂದರು ಚನ್ನಬಸಯ್ಯ. "ಖಾಲಿ ಹಾಳಿಗೆ ಯಾರೂ ಮಂಜೂರಿ ಕೊಡೂದಿಲ್ಲ."

ಹೀಗಾಗಿ ನುಡಿಯನ್ನು ರಚಿಸುವ ಭಾರವನ್ನು ಶೆಟ್ಟರು ಮನಸ್ಸಿಲ್ಲದ ಮನಸ್ಸಿನಿಂದ ಹೊತ್ತರು. ಮಳೆ ಬೆಳೆ ಚೆನ್ನಾಗಿ ಆಗಲಿ ಎಂಬುದು ಮೊದಲ ವಾಕ್ಯ. ನೀವು ಕೊಟ್ಟ ಕಳ್ಳಿನಿಂದ ಸಂತೋಷವಾಯಿತು ಎಂಬುದು ಎರಡನೆಯದು. ಮೂರನೆಯದನ್ನು ಶೆಟ್ಟರು ಕಣ್ಣು ಮುಚ್ಚಿ, ಭಕ್ತಿಯಿಂದ ಹೇಳಿ ಬರೆಸಿದರು: "ಹಿತ್ತಿಲಿನ ಖೋಲಿಯನ್ನು ಕೆಡವಿ, ಅದು ಗಿರಾಕಿಗಳಿಗೆ ಫ್ಯಾಮಿಲಿ ರೂಂ ಆಗಲಿ." ಆಮೇಲೆ ಕಣ್ಣು ಬಿಟ್ಟು, ದೈವದ ಅಪ್ಪಣೆಯೇ ಹಾಗೆ ಉಂಟಾದರೆ ನಾವು ಯಾರು ಮಾರಾಯ್ರೇ ಬೇಡವೆನ್ನಲಿಕ್ಕೆ ಎಂದರು.

ಕಚೇರಿ ನುಡಿಯನ್ನು ತಿದ್ದಿ ಹಿಂದಿರುಗಿಸಿತು. ಮಳೆ ಹವಾಮಾನ ಇಲಾಖೆಗೆ ಸೇರಿದ್ದಾದ್ದರಿಂದ 'ಇಲಾಖೆಯ ಮುನ್ಸೂಚನೆಗೆ ಒಳಪಟ್ಟು ಮಳೆಯಾಗಲಿ' ಎಂದಾಯಿತು. ಪಾನನಿರೋಧದ ಕಾನೂನಿದ್ದುದರಿಂದ ಕಳ್ಳು ಹೋಗಿ, ಸೂರ್ಯೋದಯಕ್ಕೆ ಮುಂಚೆ ಇಳಿಸಿದ ನೀರಾ ಬಂತು. ಮೂರನೆಯ ವಾಕ್ಯದಲ್ಲಿ 'ಕೆಡವಿ' ಎಂಬುದು ವಿಧ್ವಂಸಕ್ಕೆ ಪ್ರಚೋದನೆ, ಹೊಡೆದುಹಾಕಿದರು. 'ಗಿರಾಕಿಗಳಿಗೆ' ಎಂಬುದು ಜಾಹೀರಾತು, ಅದನ್ನೂ ಹೊಡೆದುಹಾಕಿದರು. ಶೆಟ್ಟರು ಫ್ಯಾಮಿಲಿ ರೂಂ ಉಳಿದಿದೆಯೇ ಎಂದಷ್ಟೇ ನೋಡಿ, ಸಮಾಧಾನಗೊಂಡು ಎಲ್ಲರಿಗೂ ಚಹ ಕೊಡಿಸಿದರು.

ಕೋಲ ಸಂಜೆ ಆರಕ್ಕೆ ಮೈದಾನದಲ್ಲಿ ನಡೆಯಿತು. ಮಂಜೂರಾದ ಪ್ರತಿಯನ್ನು ಹಿಡಿದು ಬಂದೋಬಸ್ತಿಗೆ ಬಂದವನು ಬೆಳಗಾವಿಯ ಕಡೆಯ ಪೊಲೀಸ್ ಪೇದೆ ಗದಿಗೆಪ್ಪ. ಕನ್ನಡ ಬಲ್ಲನೆಂದು ಕಳಿಸಿದ್ದರು. ದೂಜನ ಬೆನ್ನ ಹಿಂದೆ ನಿಂತು ಸಾಲು ಹೇಳಿಕೊಡಲು ಚನ್ನಬಸಯ್ಯನವರಿದ್ದರು. ದೂಜ ಮೊಗ ಕಟ್ಟಿಕೊಂಡ. ಮೈ ನಡುಗಿತು, ಕಾಲಿನ ಗಗ್ಗರ ಝಲ್ಲೆಂದಿತು, ಜನ ಎದ್ದು ನಿಂತರು.

"ಏ ತ್ಯಾಂಪಣ್ಣ," ಎಂದಿತು ಮೊಗ. ಶೆಟ್ಟರ ಕೈಗಳು ತಾವಾಗಿಯೇ ಮುಗಿದವು. "ನಿನ್ನ ಹಿತ್ತಿಲಲ್ಲಿ ಇರುವವರು ಈ ಮಳೆಗಾಲಕ್ಕೆ ಎಲ್ಲಿಗೆ—"

ಗದಿಗೆಪ್ಪ ಸೀಟಿ ಊದಿದ. ಈ ಮಾತು ಪ್ರತಿಯೊಳಗ ಇಲ್ಲ ಎಂದ. ಮೊಗ ಅವನ ಕಡೆ ತಿರುಗಿ ಬಹಳ ಹೊತ್ತು ನೋಡಿತು. ನೋಡುವುದಕ್ಕೆ ನಿಷೇಧವಿದೆಯೇ ಎಂದು ಗದಿಗೆಪ್ಪ ಕಾಗದ ತಿರುವಿ ಹುಡುಕಿದ, ಇರಲಿಲ್ಲ. ಕೊನೆಗೆ ಚನ್ನಬಸಯ್ಯ ಹೇಳಿಕೊಟ್ಟಂತೆ ಇಲಾಖೆಗೆ ಒಳಪಟ್ಟ ಮಳೆಯಾಯಿತು, ನೀರಾ ಆಯಿತು. ಆಮೇಲೆ ಮೊಗ, ಯಾರದೋ ದನಿಯಲ್ಲಿ, "ಹಿತ್ತಿಲಿನ ಖೋಲಿ ಫ್ಯಾಮಿಲಿ ರೂಂ ಆಗಲಿ," ಎಂದಿತು.

"ಅಪ್ಪಣೆ," ಎಂದು ಶೆಟ್ಟರು ಮೈದಾನಕ್ಕೆಲ್ಲ ಕೇಳುವಂತೆ ಒಪ್ಪಿಕೊಂಡರು.

ಸೇರಿದ ಹೆಂಗಸರ ನಡುವಿನಿಂದ ನೀಲಾವತಿ ಎದ್ದಳು. "ಹಾಗಾದರೆ ನಾನು ಕಟ್ಟಿಟ್ಟ ಗಂಟು ಬಿಚ್ಚುತ್ತೇನೆ ಧಣಿ."

"ಯಾಕೆ?"

"ಊರಿಂದ ಬಂದ ದಿನದಿಂದ ನೀವು ನನ್ನನ್ನು ಹೆಸರಿಂದ ಕರೆದದ್ದಿಲ್ಲ. 'ದೂಜನ ಫ್ಯಾಮಿಲಿ ಎಲ್ಲಿ, ದೂಜನ ಫ್ಯಾಮಿಲಿಗೆ ಪಾತ್ರೆ ತೊಳೀಲಿಕ್ಕೆ ಹೇಳು' ಅಂತಲೇ ಹೇಳಿದ್ದು. ಈಗ ದೈವವೂ ಹಾಗೇ ಹೇಳಿತು. ಅದು ಫ್ಯಾಮಿಲಿಯ ರೂಂ."

"ಹಾಗಲ್ಲ ಮಾರಾಯ್ತಿ, ಅದು ಗಿರಾಕಿಗಳ ಫ್ಯಾಮಿಲಿ," ಎಂದರು ಶೆಟ್ಟರು.

ಗದಿಗೆಪ್ಪ ಮತ್ತೆ ಸೀಟಿ ಊದಿದ. ಶೆಟ್ಟರು ಚನ್ನಬಸಯ್ಯನವರ ಮುಖ ನೋಡಿದರು.

"ಗಿರಾಕಿ ಅನ್ನೂದನ್ನ ಹೊಡದು ಹಾಕ್ಯಾರ್ರಿ, ಶೆಟ್ಟರ," ಎಂದರು ಚನ್ನಬಸಯ್ಯ. "ಹೊಡದು ಹಾಕಿದ್ದನ್ನ ಅಂದ್ರ ಹೋಟೆಲ್ ಲೈಸನ್ಸ್ ರದ್ದ ಆಕ್ಕೈತಿ. ಉಳದ ಅಕ್ಷರಕ್ಕ ಆ ಹೆಣ್ಮಗಳು ಹೇಳೂದು ಬರೋಬ್ಬರಿ ಐತಿ."

ದೈವದ ಅಪ್ಪಣೆಯನ್ನು ಮೀರಿದರೆ ಕುಲಕ್ಕೆ ಕೇಡು, ಕಚೇರಿಯ ಅಪ್ಪಣೆಯನ್ನು ಮೀರಿದರೆ ಹೋಟೆಲಿಗೆ ಕೇಡು. ಶೆಟ್ಟರು ಎರಡಕ್ಕೂ ಸೇರಿಸಿ ಒಂದೇ ನಮಸ್ಕಾರ ಮಾಡಿದರು. ಮಳೆಗೆ ಮುಂಚೆ ಹೊಸ ತಗಡು ಹಾಕಿಸಿ, ಬಾಗಿಲಿಗೆ ಫ್ಯಾಮಿಲಿ ರೂಂ ಎಂಬ ಬೋರ್ಡು ಹೊಡೆಸಿದರು. ಬೋರ್ಡು ನೋಡಿ ಹೆಂಗಸರೊಂದಿಗೆ ಒಳಗೆ ಬಂದ ಗಿರಾಕಿಗಳನ್ನು ನೀಲಾವತಿ ಚಾಪೆಯ ಮೇಲೆ ಕೂರಿಸಿ, ಊರು ಯಾವುದು, ಮಕ್ಕಳೆಷ್ಟು ಎಂದು ವಿಚಾರಿಸುತ್ತಾಳೆ. ಚಹಕ್ಕೆ ಒಂದಾಣೆ ಹೆಚ್ಚೇ. ಅದು ವಿಚಾರಿಸಿದ್ದಕ್ಕೆಂದು ಗಿರಾಕಿಗಳು ತಿಳಿದಿದ್ದಾರೆ.

ಕೋಲ ಶಾಂತಿಯುತವಾಗಿ ನಡೆದದ್ದನ್ನು ಮೆಚ್ಚಿ ಕಚೇರಿ ಅದನ್ನೇ 'ಮಾದರಿ ನುಡಿ' ಎಂದು ಘೋಷಿಸಿತು. ಮರುವರ್ಷ ಮುಲುಂಡ್‌ನವರು ತಮ್ಮ ಕೋಲಕ್ಕೆ ಅರ್ಜಿ ಹಾಕಿದಾಗ ಆ ನುಡಿಯನ್ನೇ ಕೊಟ್ಟರು. ಮುಲುಂಡ್‌ನ ಹೋಟೆಲಿಗೆ ಹಿತ್ತಿಲೂ ಇರಲಿಲ್ಲ, ಖೋಲಿಯೂ ಇರಲಿಲ್ಲ. ಮಂಜೂರಾದ ನುಡಿಯನ್ನು ಬದಲಿಸಲು ಬಾರದಾದ್ದರಿಂದ ಅವರು ಪಕ್ಕದ ಜಾಗ ಕೊಂಡು, ಖೋಲಿ ಕಟ್ಟಿಸಿ, ಅದರಲ್ಲಿರಲು ಉಡುಪಿಯ ಕಡೆಯಿಂದ ಒಂದು ಫ್ಯಾಮಿಲಿಯನ್ನು ತರಿಸಿದರು. ಆ ಫ್ಯಾಮಿಲಿ ಅಲ್ಲಿ ಸುಖವಾಗಿದೆ. ಯಾಕೆ ತರಿಸಿದರೆಂದು ಅವರು ಕೇಳಿಲ್ಲ, ಯಾರೂ ಹೇಳಿಲ್ಲ.