ಬೇಳೆ ಡಬ್ಬದ ಕೆಳಗಿನ ಕಥೆ

ಬಾಗಲಗುಂಟೆಯ ನಾಗೇಶ್ ಮೇಷ್ಟ್ರಿಗೆ ಕೊರೊನಾಕ್ಕಿಂತ ಹೆಚ್ಚಿನ ಸಿಟ್ಟು ಇದ್ದದ್ದು ಮೌನದ ಮೇಲೆ. ಏಳನೇ ತರಗತಿಯ ಮೂವತ್ತೆಂಟು ಮಕ್ಕಳು ಮೊಬೈಲಿನಲ್ಲಿ ಮೂವತ್ತೆಂಟು ಕಪ್ಪು ಚೌಕಗಳಾಗಿ ಕೂತಿರುತ್ತಿದ್ದರು. "ಓದಿದ್ದನ್ನು ಹಂಚಿಕೊಳ್ಳಿ ಮಕ್ಕಳೇ" ಎಂದರೆ ಒಂದು ಚೌಕವೂ ಬಾಯಿ ಬಿಡುತ್ತಿರಲಿಲ್ಲ. ಶನಿವಾರದೊಳಗೆ ಮಕ್ಕಳು ಮಾತಾಡದಿದ್ದರೆ ಓದಿನ ಪೀರಿಯಡ್ಡನ್ನು ಗಣಿತಕ್ಕೆ ಕೊಡುವುದಾಗಿ ಹೆಡ್ ಮಿಸ್ ಹೇಳಿಬಿಟ್ಟಿದ್ದರು. ಮೇಷ್ಟ್ರು ಇಡೀ ವಾರ ಆಸೆಯಿಂದ ಕಾಯುತ್ತಿದ್ದ ಗಂಟೆ ಅದೊಂದೇ. (ಶಾಲೆಯ ಲೈಬ್ರರಿಗೆ ಬೀಗ. ಮಕ್ಕಳ ಮನೆಗೆ ಒಂದು ಪುಸ್ತಕವನ್ನೂ ಕಳಿಸದವರು ಫೀಸಿನ ಮೆಸೇಜು ಮಾತ್ರ ತಪ್ಪದೆ ಕಳಿಸಿದರು. ಓದಿನ ಮಹತ್ವದ ಮೇಲೆ ಭಾಷಣ ಬಿಗಿಯುವವರೂ ಇವರೇ!)

ಮೇಷ್ಟ್ರು ಕನಸುಗಾರರು. ಮಧ್ಯಾಹ್ನದ ಬಿಸಿಲು ಜಾರಿ ಚಾಪೆಯ ಮೇಲೆ ಮಲಗುವ ಹೊತ್ತಿಗೆ ಅವರ ಕಣ್ಣೂ ಜಾರುತ್ತಿತ್ತು. ಆಗ ಕಪ್ಪು ಚೌಕಗಳೆಲ್ಲ ಕಿಟಕಿಗಳಂತೆ ತೆರೆದುಕೊಂಡು, ಹೆಬ್ಬಾಳ ಕೆರೆಯ ಹಕ್ಕಿಗಳ ಹಾಗೆ ಕಥೆಗಳು ಹಾರಿಬರುತ್ತಿದ್ದವು. ನಡುವೆ, ಶಾಲು ಹೊದ್ದ ತಾವು! ಈ ಕನಸಿನಿಂದ ಹುಟ್ಟಿದ ಮಹಾಯೋಜನೆಯೇ 'ವಾಚನ ವೈಭವ ನಮೂನೆ'. ಕೃತಿಯ ಹೆಸರು, ಸಾರಾಂಶ, ನೀತಿ, ಪೋಷಕರ ಸಹಿ ಎಂದು ಮಕ್ಕಳು ತುಂಬಿ ಕಳಿಸಬೇಕಾದ ಒಟ್ಟು ಹನ್ನೊಂದು ಕಾಲಂ.

"ಏನ್ರೀ ಇದು, ರೇಷನ್ ಕಾರ್ಡ್ ಅರ್ಜಿನಾ?" ಎಂದಳು ಹೆಂಡತಿ ಸರಳಾ.

"ಪ್ರೋತ್ಸಾಹ ಕಣೇ! ನಿಂಗೇನ್ ಗೊತ್ತು? ಮದ್ವೆಯಾದಾಗಿಂದ ಒಂದ್ ಪುಸ್ತಕ ಹಿಡಿದಿದ್ದೀಯಾ?"

"ಹಿಡಿಯೋಕೆ ಕೈ ಖಾಲಿ ಇರ್ಬೇಕಲ್ರೀ."

ಶುಕ್ರವಾರದ ಕ್ಲಾಸಿನಲ್ಲಿ ಒಂದೇ ಒಂದು ಚೌಕ ಬಾಯಿ ಬಿಟ್ಟಿತು. ಫೈಜಾನ್.

"ಸರ್, ನಮ್ಮನೇಲಿ ಬುಕ್ ಇಲ್ಲ. ಬೋಂಡಾ ಕಟ್ಕೊಟ್ಟಿದ್ ಪೇಪರಲ್ಲಿ ಅರ್ಧ ಕಥೆ ಓದ್ದೆ. ಅದು ಯಾವ ಕಾಲಂ ಸರ್?"

"ಅದೆಲ್ಲ ಓದಲ್ಲಪ್ಪ" ಎಂದು ಮೇಷ್ಟ್ರು ಶುರುಮಾಡುವಷ್ಟರಲ್ಲಿ, ಕಾಫಿ ತಂದ ಸರಳಾ ಬಗ್ಗಿದಳು.

"ಏನ್ ಕಥೆ ಮರಿ?"

"ಒಬ್ಬಳು ಅಜ್ಜಿ ಬಾವಿಗೆ ಇಳೀತಾಳೆ ಆಂಟಿ. ಆಮೇಲೆ ಬರೀ ಎಣ್ಣೆ."

"ಅಯ್ಯೋ, ನಂದೂ ಹಂಗೇ ಕಣೋ! ನಮ್ಮ ಅಡುಗೆಮನೆ ಶೆಲ್ಫಿಗೆ ಹಾಸಿರೋ ಪೇಪರಲ್ಲಿ ಒಂದು ಧಾರಾವಾಹಿ ಇದೆ. ಎರಡನೇ ಕಂತು ತೊಗರಿಬೇಳೆ ಡಬ್ಬದ ಕೆಳಗೆ, ಐದನೇದು ಸಕ್ಕರೆ ಕೆಳಗೆ. ಮಧ್ಯದ್ದು ನಾನೇ ಕಟ್ಕೊಂಡಿದ್ದೀನಿ. ಹೇಳ್ಲಾ?"

ಹೇಳಿದಳು. ಕಾಣೆಯಾದ ಮಗಳಿಗಾಗಿ ಒಬ್ಬ ದರ್ಜಿ, ಈ ವರ್ಷ ಇಷ್ಟೆತ್ತರ ಬೆಳೆದಿರಬಹುದು ಎಂದು ಅಳತೆ ಊಹಿಸಿ, ವರ್ಷಕ್ಕೊಂದು ನೀಲಿ ಲಂಗ ಹೊಲಿಯುತ್ತಾನೆ. ಹನ್ನೆರಡನೇ ಲಂಗದ ಹೊತ್ತಿಗೆ ಚೌಕಗಳಲ್ಲಿ ಒಂದೊಂದಾಗಿ ಮುಖಗಳು ಮೂಡಿದ್ದವು.

"ಮಗಳು ಸಿಕ್ಳಾ ಆಂಟಿ?" ಎಂದಳು ಚೈತ್ರ.

"ಆ ಕಂತು ನಮ್ಮನೇಲಿಲ್ಲ ಪುಟ್ಟಿ. ನಿಮ್ಮನೆ ಡಬ್ಬಗಳ ಕೆಳಗೆ ನೋಡಿ."

ಮೂವತ್ತೆಂಟು ಅಡುಗೆಮನೆಗಳಲ್ಲಿ ಡಬ್ಬಗಳು ದಡಬಡ ಎದ್ದವು. "ಯಾರೋ ಅದು ಅಕ್ಕಿ ಚೆಲ್ಲಿದ್ದು!" ಎಂದು ಅಮ್ಮಂದಿರ ಆರ್ಭಟ. ಯಾರಿಗೋ ಅರ್ಧ ಪದ್ಯ ಸಿಕ್ಕಿತು, ಯಾರಿಗೋ ನಾಯಿ ಕಳೆದ ಜಾಹೀರಾತು. ಎಲ್ಲರೂ ಒಟ್ಟಿಗೇ ಓದಿದರು. ಮೇಷ್ಟ್ರು ಕಣ್ಣು ಮುಚ್ಚಿ ತೇಲಿದರು.

ಶನಿವಾರ ಹೆಡ್ ಮಿಸ್ ಫೋನು. "ಪೀರಿಯಡ್ ಉಳಿಸಿದ್ದೀನಿ ಸರ್. ಮಕ್ಕಳು ಬಿಡ್ತಾನೇ ಇಲ್ಲ." ಮೇಷ್ಟ್ರ ಎದೆ ಅಗಲವಾಯಿತು. "ಆದ್ರೆ ಅವಕ್ಕೆ ಆಂಟಿನೇ ಬೇಕಂತೆ. ನೀವು ಗಣಿತ ತಗೊಳ್ಳಿ."

ಮುಂದಿನ ಶುಕ್ರವಾರ ಮೂರು ಗಂಟೆಗೆ ಹಾಲ್‌ನಲ್ಲಿ ಮೊಬೈಲಿನ ಮುಂದೆ ಸರಳಾ, ಒಲೆಯ ಮುಂದೆ ಮೇಷ್ಟ್ರು. ದರ್ಜಿ ಹದಿಮೂರನೇ ಲಂಗಕ್ಕೆ ದಾರ ಪೋಣಿಸುತ್ತಿದ್ದ. ತಡೆಯಲಾರದೆ ಮೇಷ್ಟ್ರು ಸೌಟಿನ ಸಮೇತ ಹೊರಬಂದು ಕೇಳಿಯೇಬಿಟ್ಟರು: "ಸಿಕ್ಳೇನೇ?"

"ಆಂಟೀ, ಸರ್‌ನ ಮ್ಯೂಟ್ ಮಾಡಿ!" ಎಂದು ಮೂವತ್ತೆಂಟು ಕಿಟಕಿಗಳು ಒಟ್ಟಿಗೇ ಕೂಗಿದವು.

ಸರಳಾ ತುಟಿಯ ಮೇಲೆ ಬೆರಳಿಟ್ಟಳು. ಮೇಷ್ಟ್ರು ಬಾಗಿಲ ಬಳಿ ನೆಲದ ಮೇಲೆ, ಕೊನೆಯ ಬೆಂಚಿನ ಹುಡುಗನಂತೆ, ಬಾಯಿ ಮುಚ್ಚಿ ಕೂತರು.