ಮೂಗು ನೋಡಿ ಬಾಜಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಫಾಯ್‌ನ ಮೂಗಿನ ಬಲಹೊಳ್ಳೆಯಲ್ಲಿದ್ದ ಒಂದು ಕೂದಲು. ಎಷ್ಟೋ ವರ್ಷದಿಂದ ಅದು ತನ್ನ ಪಾಡಿಗೆ ತಾನಿತ್ತು, ಯಾರ ತಂಟೆಗೂ ಹೋಗಿರಲಿಲ್ಲ. ಆ ದಿನ ಬೆಳಿಗ್ಗೆ ಫಾಯ್‌ನ ಹೆಂಡತಿ ಲಿನ್ ಪುಟ್ಟ ಕತ್ತರಿಯೊಂದನ್ನು ಹಿಡಿದು ಗಂಡನನ್ನು ಕಿಟಕಿಯ ಬೆಳಕಿಗೆ ಎಳೆದು ನಿಲ್ಲಿಸಿದಳು.

"ಅಲುಗಾಡ್ಬೇಡ. ಸಾಹೇಬರ ಮುಂದೆ ಕೂರೋನು ನೀನು. ಮೂಗಿಂದ ಪೊರಕೆ ಕಡ್ಡಿ ಇಣುಕ್ತಿದ್ರೆ ನಿನ್ನ ಯಾರು ಮೇಷ್ಟ್ರು ಮಾಡ್ತಾರೆ?"

"ನಿಧಾನ ಕಣೇ, ಮೂಗೇ ಹೋದೀತು."

"ಹೋದ್ರೆ ಹೋಗ್ಲಿ. ಇದ್ದು ಏನು ಸುಖ ಕಂಡಿದೆ ಅದು?"

ಕಚಕ್ ಎಂದಿತು ಕತ್ತರಿ. ಕೂದಲು ಹೋಯಿತು, ಅದರ ಮೋಟು ಒಳಗೇ ಉಳಿಯಿತು.

ಫಾಯ್ ಮಕಾವಿನ ಒಂದು ದೊಡ್ಡ ಕ್ಯಾಸಿನೊದಲ್ಲಿ ಇಸ್ಪೀಟೆಲೆ ಹಂಚುವವನು. ಆ ಕೆಲಸ ಎಂಥದ್ದೆಂದು ಕೇಳಿದರೆ ಅವನು ಸುಮ್ಮನೆ ತನ್ನ ಪಾದ ತೋರಿಸುತ್ತಿದ್ದ. ಕಿಟಕಿಯಿಲ್ಲದ, ಗಡಿಯಾರವಿಲ್ಲದ ಹಜಾರದಲ್ಲಿ ಪಾಳಿ ಮುಗಿಯುವವರೆಗೂ ನಿಲ್ಲಬೇಕು. ಗೆದ್ದವನು ತನ್ನ ಅದೃಷ್ಟವನ್ನು ಹೊಗಳಿಕೊಳ್ಳುತ್ತಾನೆ, ಸೋತವನು ಫಾಯ್‌ನ ಕೈಯನ್ನು, ಆ ಕೈಯನ್ನು ಹೆತ್ತ ತಾಯಿಯನ್ನು, ಅವಳ ವಂಶವನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಎರಡಕ್ಕೂ ಒಂದೇ ಮುಗುಳ್ನಗೆ ನಗಬೇಕು. ಈ ವಾರ ಹಗಲು ಪಾಳಿಯಾದರೆ ಮುಂದಿನ ವಾರ ಇರುಳಿನದು, ಆಮೇಲೆ ಎರಡೂ ಅಲ್ಲದ್ದು. ಶಾಲೆಯಲ್ಲಿ ಅಪ್ಪನ ಚಿತ್ರ ಬರೆಯಿರಿ ಎಂದಾಗ ಅವನ ಮಗಳು ಗೋಡೆಯತ್ತ ತಿರುಗಿ ಮಲಗಿದ ಒಂದು ಬೆನ್ನನ್ನು ಬರೆದಿದ್ದಳು. ಅದನ್ನು ಬೆಟ್ಟವೆಂದುಕೊಂಡ ಟೀಚರು ಬಣ್ಣ ಚೆನ್ನಾಗಿದೆ ಎಂದು ನಕ್ಷತ್ರ ಕೊಟ್ಟಿದ್ದರು. ಆ ಚಿತ್ರ ನೋಡಿದ ದಿನ ಫಾಯ್ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದ.

ಅವನಿಗೆ ಬೇಕಾಗಿದ್ದುದು ಒಂದೇ ಒಂದು ಕುರ್ಚಿ. ಮೇಲಿನ ಅಂತಸ್ತಿನಲ್ಲಿ ಹೊಸಬರಿಗೆ ಎಲೆ ಹಂಚುವುದನ್ನು ಕಲಿಸುವ ಶಾಲೆಯಿತ್ತು. ಅಲ್ಲಿ ಮೇಷ್ಟರಾದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಕೂತು ಪಾಠ ಹೇಳಬಹುದು, ಮಗಳ ಜೊತೆ ಉಣ್ಣಬಹುದು. ಆ ಕುರ್ಚಿ ನಿನ್ನದೇ ಎಂದು ವರ್ಷಗಟ್ಟಲೆ ಮೂಗಿಗೆ ತುಪ್ಪ ಸವರುತ್ತ ಬಂದಿದ್ದವರು ಕೊನೆಗೂ ಕರೆದಿದ್ದರು. ಇವತ್ತು ಪಾಳಿ ಮುಗಿದ ಮೇಲೆ ರೊಜಾರಿಯು ಸಾಹೇಬರನ್ನು ಕಾಣಬೇಕು. ಷರತ್ತು ಒಂದೇ: ಅಲ್ಲಿಯವರೆಗೆ ಅವನ ಮೇಲೆ 'ಮೇಲಿನವರಿಂದ' ಒಂದು ಮಾತೂ ಬರಕೂಡದು.

ಮೇಲಿನವರೆಂದರೆ ದೇವರಲ್ಲ, ಚಾವಣಿಯ ಕ್ಯಾಮರಾಗಳ ಹಿಂದೆ ಕೂತವರು. ದೇವರಾದರೂ ಆಗೊಮ್ಮೆ ಈಗೊಮ್ಮೆ ಕಣ್ಣು ಮುಚ್ಚುತ್ತಾನೇನೋ, ಇವರು ಮುಚ್ಚುವುದಿಲ್ಲ. ಹಣದ ಬದಲು ಬಾಜಿಗೆ ಇಡುವ ಬಿಲ್ಲೆ ಕದ್ದಾನೆಂದು ಎಲೆ ಹಂಚುವವನ ಜೇಬುಗಳನ್ನೇ ಹೊಲಿದುಬಿಟ್ಟಿರುತ್ತಾರೆ. ಅವನು ತನ್ನ ಮೈಯನ್ನು ತಾನು ಮುಟ್ಟಿಕೊಳ್ಳಬೇಕಾದರೂ ಮೊದಲು ಚಪ್ಪಾಳೆ ತಟ್ಟಿ, ಎರಡೂ ಅಂಗೈಗಳನ್ನು ಚಾವಣಿಗೆ ತೋರಿಸಬೇಕು. ಮುಟ್ಟಿಯಾದ ಮೇಲೆ ಮತ್ತೆ ಅಷ್ಟೇ ಶಾಸ್ತ್ರ.

ಮೊದಲ ಆಟದಲ್ಲೇ ಮೋಟು ಕೂದಲು ಚುಚ್ಚಿತು. ಫಾಯ್ ಚಪ್ಪಾಳೆ ತಟ್ಟಿದ, ಅಂಗೈ ತೋರಿಸಿದ, ಬಲಗೈ ಬೆರಳಿನಿಂದ ಮೂಗು ಕೆರೆದುಕೊಂಡ, ಮತ್ತೆ ತಟ್ಟಿದ, ಮತ್ತೆ ತೋರಿಸಿದ. ಎಲೆ ಹಂಚಿದ.

ಅವನ ಮೇಜಿನ ಆಟ ಬಹಳ ಸುಲಭ. ಎಲೆಗಳು ಎರಡು ಕಡೆ ಬೀಳುತ್ತವೆ, ಒಂದು ಕೆಂಪು ಕಡೆ, ಒಂದು ನೀಲಿ ಕಡೆ. ಎಲೆಯ ಚುಕ್ಕೆಗಳ ಲೆಕ್ಕ ಹೆಚ್ಚು ಬಂದ ಕಡೆ ಗೆಲ್ಲುತ್ತದೆ. ಯಾವುದು ಗೆಲ್ಲುತ್ತದೆಂದು ಮೊದಲೇ ಬಾಜಿ ಕಟ್ಟಬೇಕು. ಎರಡೂ ಸರಿಸಮವಾಗುತ್ತದೆಂದು ಹಸಿರು ಮನೆಯಲ್ಲೂ ಕಟ್ಟಬಹುದು, ಆದರೆ ಬುದ್ಧಿಯಿದ್ದವರು ಕಟ್ಟುವುದಿಲ್ಲ.

ಆ ಆಟ ಕೆಂಪಿಗೆ ಹೋಯಿತು. ಗಡಿಯಾಚೆಯಿಂದ ದಿನಾ ಬರುವ ತಾಮಮ್ಮ, ಚೀಲದಲ್ಲಿ ಬಿಸ್ಕತ್ತು ಇಟ್ಟುಕೊಂಡು ಸಂಜೆವರೆಗೆ ಕೂರುವ ಮುದುಕಿ, ಕನ್ನಡಕ ಸರಿಮಾಡಿಕೊಂಡಳು. ಎರಡನೇ ಸಲ ತುರಿಸಿದಾಗ ಫಾಯ್ ಚಪ್ಪಾಳೆ ಶಾಸ್ತ್ರ ಮುಗಿಸಿ, ಬಲಗೈಯನ್ನು ಎಲೆಪೆಟ್ಟಿಗೆಯ ಮೇಲಿಟ್ಟು ಎಡಗೈಯಲ್ಲಿ ಕೆರೆದುಕೊಂಡ. ಆಟ ನೀಲಿಗೆ ಹೋಯಿತು.

"ನೋಡಿದ್ರಾ ಕ್ವೊಕ್ ಧಣಿ?" ತಾಮಮ್ಮ ಪಕ್ಕದವನನ್ನು ತಿವಿದಳು. ಅವನು ಮೀನುಂಡೆ ಕಾರ್ಖಾನೆಯ ಮಾಲೀಕ, ಕಾರ್ಖಾನೆಯಲ್ಲಿ ದುಡಿದದ್ದನ್ನೆಲ್ಲ ಇಲ್ಲಿಗೆ ತಂದು ಸುರಿಯುವವನು.

"ಏನು ನೋಡ್ಬೇಕು?"

"ಬಲಗೈ ಮೂಗಿಗೆ ಹೋದ್ರೆ ಕೆಂಪು. ಎಡಗೈ ಹೋದ್ರೆ ನೀಲಿ. ಪಾಪ, ಹುಡುಗ ಬಾಯಿಬಿಟ್ಟು ಹೇಳೋಕಾಗಲ್ಲ, ಹಿಂಗೆ ಹೇಳ್ತಿದ್ದಾನೆ."

ಮೂರನೆಯದಕ್ಕೆ ಬಲಗೈ. ಕೆಂಪು ಬಂತು. ಕ್ವೊಕ್ ಧಣಿ ಎದ್ದು ನಿಂತು ಕೈಮುಗಿದ.

ಈ ಆಟದವರಿಗೆ ಹಿಂದೆ ಬಂದ ಕೆಂಪು ನೀಲಿಗಳನ್ನು ಚೀಟಿಯ ಮೇಲೆ ಪುಟ್ಟ ಸುತ್ತುಗಳಾಗಿ ಬರೆದುಕೊಂಡು ಮುಂದಿನದನ್ನು ಊಹಿಸುವ ಚಟ. ಅದನ್ನು 'ದಾರಿ ಓದುವುದು' ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಎಲ್ಲರೂ ಎಲೆಗಳ ದಾರಿ ಬಿಟ್ಟು ಫಾಯ್‌ನ ಮೂಗಿನ ದಾರಿ ಬರೆಯತೊಡಗಿದರು. ಸುತ್ತ ಜನ ಮುಕುರಿದರು.

"ಅಮ್ಮಾ, ನಂಗೆ ಮೂಗಲ್ಲಿ ತುರಿಕೆ ಅಷ್ಟೇ," ಎಂದ ಫಾಯ್ ಮೆಲ್ಲಗೆ.

"ಗೊತ್ತು ಕಣಪ್ಪ, ಗೊತ್ತು. ನೀನು ಹಂಗೇ ಹೇಳ್ಬೇಕು," ಎಂದು ತಾಮಮ್ಮ ಕಣ್ಣು ಮಿಟುಕಿಸಿದಳು.

ಮೇಲ್ವಿಚಾರಕಿ ಯೂನ್ ಮೇಡಂ ಹಿಂದೆ ಬಂದು ನಿಂತರು. "ಏನ್ರೀ ಫಾಯ್ ಇದು, ನಿಮ್ಮ ಮೇಜಿನ ಸುತ್ತ ಜಾತ್ರೆ? ಭಜನೆ ಮಾಡೋರ ಹಾಗೆ ಚಪ್ಪಾಳೆ ಬೇರೆ."

"ಮೂಗು ಮೇಡಂ..."

"ಮೂಗು ಎಲ್ರಿಗೂ ಇದೆ. ಮುಟ್ಬೇಡಿ. ಮೇಲಿನವರು ಆಗಲೇ ಕೇಳ್ತಿದ್ದಾರೆ."

ಫಾಯ್‌ನ ಕಣ್ಣು ಚಾವಣಿಯತ್ತ ಹೋಯಿತು. ಬಿಡುವು ಸಿಕ್ಕ ಕೂಡಲೇ ವಿಶ್ರಾಂತಿ ಕೋಣೆಗೆ ಓಡಿದ. ಅಲ್ಲಿ ಪಕ್ಕದ ಮೇಜಿನ ಚೋಯ್ ಸಿಕ್ಕಿದ. ಊರಿನವರ ಕಷ್ಟವೆಲ್ಲ ತನ್ನದೇ ಎಂದು ನಡುವೆ ಬಂದು, ಆ ಕಷ್ಟವನ್ನು ಎರಡರಷ್ಟು ಮಾಡಿ ಹೋಗುವ ಸ್ವಭಾವ ಅವನದು.

"ಫಾಯಣ್ಣ, ತಲೆ ಹಿಂದಕ್ಕೆ ಹಾಕು. ನನ್ನ ಹತ್ರ ಎಣ್ಣೆ ಇದೆ. ನಮ್ಮತ್ತೆ ಮಂಡಿಗೆ ಹಚ್ತಾರೆ."

"ಮಂಡಿಗೆ ಹಚ್ಚೋದನ್ನ ಮೂಗಿಗೆ ಹಾಕ್ತಾರೇನೋ?"

"ನೋವು ನೋವೇ ಅಣ್ಣ. ಮಂಡಿ ಯಾವ್ದು, ಮೂಗು ಯಾವ್ದು."

ಹತ್ತಿಯಲ್ಲಿ ಅದ್ದಿ ಒಳಗೆ ತಿರುಗಿಸಿಯೇಬಿಟ್ಟ. ಫಾಯ್‌ಗೆ ನೆತ್ತಿಯವರೆಗೆ ಹಸಿಮೆಣಸಿನಕಾಯಿ ಅರೆದು ಮೆತ್ತಿದಂತಾಯಿತು. ಕಣ್ಣಲ್ಲಿ ನೀರು ಧಾರೆ ಕಟ್ಟಿತು. ಅಷ್ಟರಲ್ಲಿ ಬಿಡುವು ಮುಗಿಯಿತು.

ಮೇಜಿಗೆ ಮರಳಿದ ಅವನನ್ನು ನೋಡಿ ಜನ ಉಸಿರು ಬಿಗಿಹಿಡಿದರು.

"ಅಳ್ತಿದ್ದಾನೆ!" ಎಂದಿತು ಒಂದು ದನಿ.

"ನಮಗೆ ಹೇಳಿಕೊಟ್ಟಿದ್ದಕ್ಕೆ ಒಳಗೆ ಕರೆದು ಹೊಡೆದಿದ್ದಾರೆ," ಎಂದ ಕ್ವೊಕ್ ಧಣಿ. "ಆದ್ರೂ ಬಂದಿದ್ದಾನೆ ನೋಡಿ. ಇವತ್ತು ಇವನನ್ನ ನಂಬದೆ ಇನ್ಯಾರನ್ನ ನಂಬೋದು?"

ಫಾಯ್ ಮೂಗು ಮುಟ್ಟಲಿಲ್ಲ. ಕೈಗಳನ್ನು ಮೇಜಿಗೆ ಒತ್ತಿ ಹಿಡಿದು, ಮಗಳ ಪಕ್ಕ ಕೂತು ಉಣ್ಣುವುದನ್ನು ನೆನೆಯುತ್ತ ನಿಂತ. ಆದರೆ ಮೂಗು ತಾನೇ ಮಿಸುಕತೊಡಗಿತು. ಬಲಕ್ಕೆ ಸೊಟ್ಟಗಾದರೆ ಬಿಲ್ಲೆಗಳು ಕೆಂಪಿಗೆ ಹರಿದವು, ಎಡಕ್ಕೆ ಸೊಟ್ಟಗಾದರೆ ನೀಲಿಗೆ. ಬೆಳಗಿನ ಅದೃಷ್ಟ ಮಾತ್ರ ಈಗ ಇರಲಿಲ್ಲ. ಕೆಂಪಿಗೆ ಕಟ್ಟಿದರೆ ನೀಲಿ, ನೀಲಿಗೆ ಕಟ್ಟಿದರೆ ಕೆಂಪು. ಸೋತಷ್ಟೂ ಅವರ ಭಕ್ತಿ ಹೆಚ್ಚಿತು, ಬಾಜಿಯೂ ಹೆಚ್ಚಿತು. ಎಲೆಗಳಿಗೆ ನನ್ನ ಮೂಗಿನ ಪರಿಚಯವೇ ಇಲ್ಲ, ದಯವಿಟ್ಟು ಮನೆಗೆ ಹೋಗಿ ಎಂದು ಕೂಗಬೇಕೆನಿಸಿತು ಅವನಿಗೆ. ಕೂಗುವಂತಿರಲಿಲ್ಲ. ಅವನು ಮುಗುಳ್ನಕ್ಕು ಬಿಲ್ಲೆಗಳನ್ನು ಬಳಿದುಕೊಂಡ.

ಪಾಳಿ ಇನ್ನೇನು ಮುಗಿಯಬೇಕು, ಬಾಜಿ ಕಟ್ಟುವ ಹೊತ್ತಿನಲ್ಲೇ ಸೀನು ಬಂತು. ಫಾಯ್ ತುಟಿ ಕಚ್ಚಿದ, ಹೊಟ್ಟೆ ಬಿಗಿಹಿಡಿದ, ಕಣ್ಣು ಮೇಲೆ ಮಾಡಿದ. ಹಜಾರವೇ ತಿರುಗಿ ನೋಡುವಂತೆ ಮೂರು ಸಲ ಸೀನಿದ.

ತಾಮಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಎರಡೂ ಹೊಳ್ಳೆಯಲ್ಲಿ ಬಂತು," ಎಂದಳು. "ಅಂದ್ರೆ ಸಮ. ಹಸಿರಿಗೆ ಹಾಕಿ!"

ಎಲ್ಲರೂ ಇದ್ದಬದ್ದ ಬಿಲ್ಲೆಗಳನ್ನು ಹಸಿರಿಗೆ ನೂಕಿದರು. ಬೇಡ ಎನ್ನಲು ಫಾಯ್ ಬಾಯಿ ತೆರೆದರೆ ನಾಲ್ಕನೇ ಸೀನು ಬಂತು. ಅದನ್ನವರು ಖಾತರಿ ಎಂದುಕೊಂಡರು. ಕ್ವೊಕ್ ಧಣಿ ಎಲೆಯ ಅಂಚನ್ನು ಮೆಲ್ಲಗೆ ಬಗ್ಗಿಸಿ, ಬೇಡದ ಚುಕ್ಕೆ ಹಾರಿಹೋಗಲೆಂದು ಊದಿದ. ಉಳಿದವರೂ ಸೇರಿ "ಊದು, ಊದು!" ಎಂದು ಕೂಗಿದರು. ಚುಕ್ಕೆ ಹಾರಲಿಲ್ಲ. ಒಂದೇ ಒಂದು ಚುಕ್ಕೆಯಲ್ಲಿ ಕೆಂಪು ಗೆದ್ದಿತು.

ಈಗ ಬೈಗುಳ ಬರುತ್ತದೆಂದು ಫಾಯ್ ಕಾದ. ಯಾರೂ ಬೈಯಲಿಲ್ಲ. ತಾಮಮ್ಮ ಚೀಲದಿಂದ ಬಿಸ್ಕತ್ತು ತೆಗೆದು, ತಿನ್ನದೆ ಹಾಗೇ ಹಿಡಿದುಕೊಂಡು ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಫಾಯ್," ಎಂದರು ಯೂನ್ ಮೇಡಂ. "ಮೇಲೆ ಹೋಗಿ. ಕರೀತಿದ್ದಾರೆ."

ರೊಜಾರಿಯು ಸಾಹೇಬರ ಕೋಣೆಯಲ್ಲಿ ಪರದೆಯ ಮೇಲೆ ಫಾಯ್‌ನ ಮೂಗು ಕುಂಬಳಕಾಯಿ ಗಾತ್ರಕ್ಕೆ ಹಿಗ್ಗಿ ನಿಂತಿತ್ತು. ಫಾಯ್ ಒಳಗೆ ಕಾಲಿಟ್ಟವನೇ ಶುರುಮಾಡಿದ.

"ಸಾರ್, ನಾನು ಯಾರಿಗೂ ಸನ್ನೆ ಮಾಡಿಲ್ಲ. ಮಗಳ ಮೇಲಾಣೆ. ನನ್ನ ಹೆಂಡ್ತಿ ಮೂಗಿನ ಕೂದಲು..."

"ಕೂತ್ಕೊಳ್ಳಿ ಫಾಯ್. ಕಾಫಿ ತಗೊಳ್ಳಿ." ಸಾಹೇಬರು ಮೊಟ್ಟೆ ಹಾಕಿದ ಸಿಹಿತಿಂಡಿಯೊಂದನ್ನು ಅವನ ಮುಂದೆ ತಳ್ಳಿದರು. "ಇಡೀ ದಿನದ್ದು ನೋಡಿದ್ವಿ. ಸನ್ನೆ ಮಾಡೋನ ಮಾತು ಕೇಳಿದವರು ಗೆಲ್ತಾರೆ. ನಿಮ್ಮ ಮಾತು ಕೇಳಿದವರು ಒಬ್ಬರೂ ಉಳಿದಿಲ್ಲ. ನಿಮ್ಮದೇನೂ ತಪ್ಪಿಲ್ಲ."

ಫಾಯ್‌ಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಸಾರ್, ಆ ಮೇಷ್ಟರ ಕುರ್ಚಿ..."

"ಅದನ್ನ ಚೋಯ್‌ಗೆ ಕೊಟ್ವಿ. ವಿಶ್ರಾಂತಿ ಕೋಣೆಯಲ್ಲಿ ನಿಮ್ಮ ಶುಶ್ರೂಷೆ ಮಾಡಿದ್ದು ಎಲ್ರಿಗೂ ಹಿಡಿಸ್ತು. ಹೊಸಬರಿಗೆ ಅಂಥ ಕರುಣೆ ಇರೋರೇ ಬೇಕು."

"ಸಾರ್! ಮತ್ತೆ ನಾನು?"

"ನಿಮ್ಮನ್ನ ಆ ಮೇಜಿಂದ ತೆಗೆಯೋಕಾಗುತ್ತಾ? ಇವತ್ತು ಇಡೀ ಕಟ್ಟಡದಲ್ಲಿ ನಿಮ್ಮ ಮೇಜಿನಷ್ಟು ದುಡಿದಿದ್ದು ಬೇರೆ ಇಲ್ಲ." ಸಾಹೇಬರು ಎದ್ದು ಬಂದು ಪ್ರೀತಿಯಿಂದ ಭುಜ ತಟ್ಟಿದರು. "ನೋಡಿ, ನಿಮಗೆ ಹೀಗೆ ಮಾಡಿ, ಹಾಗೆ ಮಾಡಿ ಅಂತ ನಾವು ಹೇಳೋ ಹಾಗಿಲ್ಲ, ಕಾನೂನಿದೆ. ಡಾಕ್ಟರ ಹತ್ರ ಮಾತ್ರ ಹೋಗ್ಬೇಡಿ."

ಹೊರಗೆ ಬಂದ ಫಾಯ್ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತ. ಇನ್ನು ಬದುಕೆಲ್ಲ ಆ ಮೇಜೇ. ಮಗಳು ದೊಡ್ಡವಳಾಗುತ್ತಾಳೆ, ಅವಳಿಗೆ ಅಪ್ಪನೆಂದರೆ ಒಂದು ಬೆನ್ನು ಮಾತ್ರ. ಆಗ ಥಟ್ಟನೆ ಒಂದು ನಿಯಮ ನೆನಪಾಯಿತು: ಆಟಗಾರರು ಸೇರಿ ದೂರು ಕೊಟ್ಟರೆ ಎಲೆ ಹಂಚುವವನನ್ನು ಆ ಮೇಜಿನಿಂದ ಎತ್ತಲೇಬೇಕು. ಮೇಜಿಗೆ ಬೇಡವಾದವನನ್ನು ಶಾಲೆಗಲ್ಲದೆ ಇನ್ನೆಲ್ಲಿಗೆ ಹಾಕುತ್ತಾರೆ? ಚೋಯ್ ಜೊತೆ ಇನ್ನೊಂದು ಕುರ್ಚಿ ಹಾಕಿದರಾಯಿತು. ಅವನು ಗಡಿಗೆ ಹೋಗುವ ಬಿಟ್ಟಿ ಬಸ್ಸಿನ ಕಡೆ ಓಡಿದ.

ತಾಮಮ್ಮ ಮತ್ತು ಕ್ವೊಕ್ ಧಣಿ ಸಾಲಿನಲ್ಲಿ ನಿಂತಿದ್ದರು.

"ಅಮ್ಮಾ! ಧಣಿ! ನನ್ನಿಂದ ನಿಮ್ಮ ಮನೆ ಹಾಳಾಯ್ತು. ಬೈರಿ ನನ್ನ. ಗಿರಾಕಿಗಳ ದೂರು ಕೇಳೋ ಕೌಂಟರಿಗೆ ಹೋಗಿ ನನ್ನ ಮೇಲೆ ದೂರು ಕೊಡಿ. ಈ ದರಿದ್ರ ಮೂಗಿನವನು ಆ ಮೇಜಲ್ಲಿ ಬೇಡ ಅಂತ ಹೇಳಿ. ಕಾಲಿಗೆ ಬೀಳ್ತೀನಿ."

ತಾಮಮ್ಮ ಅವನ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

"ಕ್ಷಮೆ ನಾವು ಕೇಳ್ಬೇಕಪ್ಪ ಮಗನೇ. ಅಷ್ಟು ಕಷ್ಟಪಟ್ಟು ನೀನು ಸರಿಯಾಗೇ ಹೇಳ್ತಿದ್ದೆ. ದಡ್ಡ ಮುಂಡೇವು ನಾವು, ತಿರುಗಾಮುರುಗಾ ಓದಿದ್ವಿ."

"ಏನು ಓದಿದ್ರಿ?"

"ನೀನು ನಿಂತಿರೋದು ನಮ್ಮೆದುರಿಗೆ," ಎಂದ ಕ್ವೊಕ್ ಧಣಿ ಗುಟ್ಟಾಗಿ. "ನಿನ್ನ ಬಲ ಅಂದ್ರೆ ನಮ್ಮ ಎಡ ಅಲ್ವಾ? ಇಷ್ಟು ಹೊತ್ತು ಇಲ್ಲಿ ನಿಂತು ಲೆಕ್ಕ ಹಾಕಿದ್ವಿ. ತಿರುಗಿಸಿ ಓದಿದ್ರೆ ಮಧ್ಯಾಹ್ನದ್ದೆಲ್ಲಾ ಸರಿಹೋಗುತ್ತೆ."

"ಇಲ್ಲ ಧಣಿ, ಅದು ಬರೀ ನವೆ..."

"ಆ ಕೌಂಟರಿಗೂ ಹೋಗಿ ಬಂದ್ವಿ," ಎಂದಳು ತಾಮಮ್ಮ ಹೆಮ್ಮೆಯಿಂದ. "ಎಲ್ರೂ ಸೇರಿ ಹೇಳಿದ್ದೀವಿ. ಫಾಯಣ್ಣನನ್ನ ಆ ಮೇಜಿಂದ ಕದಲಿಸಿದ್ರೆ ನಾವ್ಯಾರೂ ಈ ಕಡೆ ತಲೆಹಾಕಲ್ಲ ಅಂತ. ಏನು ಮರ್ಯಾದೆ ಮಾಡಿದ್ರಪ್ಪ ನಮಗೆ, ಎದ್ದು ನಿಂತು ಬರ್ಕೊಂಡ್ರು. ನಾಳೆ ನಮ್ಮ ನಾದಿನಿಯನ್ನೂ ಕರ್ಕೊಂಡು ಬರ್ತೀನಿ."

ಬಸ್ಸು ಬಂತು. ಇಬ್ಬರೂ ಹತ್ತಿ ಕಿಟಕಿಯಿಂದ ಕೈಬೀಸಿದರು. ಫಾಯ್‌ನ ಫೋನು ರಿಂಗಣಿಸಿತು. ಆ ಕಡೆ ಲಿನ್, ಅವಳ ಹಿಂದೆ ಮಗಳ ದನಿ.

"ಏನಾಯ್ತು? ಕೆಲಸ ಸಿಕ್ತಾ?"

"ಸಿಕ್ತು."

"ನಿಜವಾಗ್ಲೂ? ಯಾವಾಗಿಂದ ಶುರು?"

"ನಾಳೆಯಿಂದ," ಎಂದ ಫಾಯ್. "ಇರೋ ಕೆಲಸಾನೇ ಸಿಕ್ತು."