ಕೊಟ್ಟೂರಪ್ಪನವರ ಮಿಲ್ಲಿನ ಘರ್ಷಣೆ

ಚಳ್ಳಕೆರೆಯ ಕೊಟ್ಟೂರಪ್ಪನವರ ಎಣ್ಣೆ ಮಿಲ್ಲಿಗೆ ಕರೆಂಟಿನ ಅಗತ್ಯವಿಲ್ಲವೆಂಬುದು ೧೯೯೮ರ ಜನವರಿಯಲ್ಲಿ ಅಧಿಕೃತವಾಗಿ ಸಾಬೀತಾಯಿತು.

ಸಾಬೀತುಪಡಿಸಿದ್ದು ಊರಿಗೆ ಹೊಸದಾಗಿ ಬಂದಿದ್ದ ಶಕ್ತಿಚಿತ್ರ ಕಚೇರಿ. ಅಲ್ಲಿನ ಇಂಜಿನಿಯರ್ ಸಂಗಮೇಶ್ ಮಿಲ್ಲಿಗೆ ಬಂದು ಮೋಟಾರು, ಬೆಲ್ಟು, ಚಕ್ರ, ಗಾಣ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಶಕ್ತಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಬಾಣ ಎಳೆದ. ಚಿತ್ರ ಕೊಟ್ಟರೆ ಸಾಕು, ಕಂಪ್ಯೂಟರ್ ತಾನೇ ಲೆಕ್ಕ ಕಟ್ಟಿ ಪರದೆಯ ಮೇಲೆ ಮಿಲ್ಲು ಓಡಿಸಿ ತೋರಿಸುತ್ತಿತ್ತು. ಆದರೆ ಸರ್ಕಾರಿ ನಮೂನೆಯಲ್ಲಿದ್ದದ್ದು ನಾಲ್ಕೇ ಚೌಕ. ಐದನೆಯದಾದ ಘರ್ಷಣೆಯನ್ನು ಜಾಗ ಸಾಲದೆ ಕೈಬಿಡಲಾಯಿತು. ಘರ್ಷಣೆಯಿಲ್ಲದ ಮಿಲ್ಲು ಪರದೆಯಲ್ಲಿ ಒಮ್ಮೆ ತಿರುಗತೊಡಗಿದ್ದು ನಿಲ್ಲಲೇ ಇಲ್ಲ. ತಾನಾಗಿ ತಿರುಗುವುದಕ್ಕೆ ಕರೆಂಟೇಕೆ? ಕಚೇರಿಯ ಅಧಿಕಾರಿ ಓಂಕಾರಮೂರ್ತಿ ಸಂಜೆಯೊಳಗೆ ತಂತಿ ಕಡಿಸಿದರು.

ಮಿಲ್ಲಿನಲ್ಲಿ ಪರಶುರಾಂಪುರದ ರೈತರ ಇನ್ನೂರು ಚೀಲ ಶೇಂಗಾ ಬಿದ್ದಿತ್ತು. ಹುಳ ಹತ್ತಿದರೆ ಮೂರು ತಲೆಮಾರಿನ ಮಾನ ಹೋದಂತೆಯೇ. ಕೊಟ್ಟೂರಪ್ಪ ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿದರು.

"ಸಾರ್, ನಮ್ ಮಿಲ್ನಾಗೆ ಬೇಕಾದಷ್ಟು ಘರ್ಷಣೆ ಐತೆ. ಬೇರಿಂಗ್ ಮುಟ್ಟಿದ್ರೆ ಕೈ ಸುಡ್ತೈತೆ!"

"ಬಾಯಿಮಾತು ಬೇಡ. ಪರಿಶೀಲನೆ ಆಗಲಿ," ಎಂದರು ಓಂಕಾರಮೂರ್ತಿ.

ಸಂಗಮೇಶ್ ಬಂದು ಬೇರಿಂಗ್ ಮುಟ್ಟಿದ. ತಣ್ಣಗಿತ್ತು. 'ಘರ್ಷಣೆ ಕಂಡುಬಂದಿಲ್ಲ' ಎಂದು ಬರೆದುಕೊಂಡ.

"ಅಲ್ರೀ ಇಂಜಿನಿಯರ್ರೇ, ತಿರುಗದೆ ಹೆಂಗ್ರೀ ಬಿಸಿಯಾಗ್ತೈತೆ? ಕರೆಂಟ್ ಕೊಡ್ರಿ, ತೋರಿಸ್ತೀನಿ."

"ಘರ್ಷಣೆ ತೋರಿಸ್ರಿ, ಕರೆಂಟ್ ಕೊಡ್ತೀವಿ."

ಮಾತು ನ್ಯಾಯವಾಗಿಯೇ ಇತ್ತು. ಮರುದಿನ ಕೊಟ್ಟೂರಪ್ಪ ಪಂಚೆ ಎತ್ತಿಕಟ್ಟಿ, ಏಳು ಜನ ಹಮಾಲರೊಂದಿಗೆ ತಾವೇ ಬೆಲ್ಟಿಗೆ ಕೈಹಾಕಿದರು. ಹಮಾಲ ಯರ್ರಪ್ಪ "ಲಾಗು, ಲಾಗು!" ಎಂದು ತೆಲುಗಿನಲ್ಲಿ ಎಳೆಯಲು ಹುರಿದುಂಬಿಸಿದ. ಚಕ್ರ ತಿರುಗಿತು, ಗಾಣ ನರಳಿತು, ಎಣ್ಣೆಯೂ ತೊಟ್ಟಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಬೇರಿಂಗ್ ಮುಟ್ಟಿದ ಸಂಗಮೇಶ್ "ಅವ್ವಾ!" ಎಂದು ಚೀರಿ ಬೆರಳು ಬಾಯಿಗಿಟ್ಟುಕೊಂಡ. ಕೊಟ್ಟೂರಪ್ಪನವರಿಗೆ ಎಂಥಾ ಖುಷಿ! ಸುಟ್ಟ ಬೆರಳಿನವನನ್ನು ತಬ್ಬಿಕೊಂಡೇಬಿಟ್ಟರು.

ಮಾರನೆಯ ದಿನ ಕಚೇರಿಯಲ್ಲಿ ಘರ್ಷಣೆ ಮಂಜೂರಾಯಿತು. ಗಾಣದ ಚೌಕದಲ್ಲೇ ಅರ್ಧ ಜಾಗ ಮಾಡಿ ಅದನ್ನು ಕೂರಿಸಿದರು.

"ಈಗ ಕರೆಂಟ್ ಕೊಡ್ತೀರೇನ್ರಿ?"

"ಯಾಕ್ರೀ? ಕರೆಂಟಿಲ್ಲದೆಯೇ ನಿನ್ನೆ ಮಿಲ್ಲು ಓಡಿತಲ್ಲ," ಎಂದು ಓಂಕಾರಮೂರ್ತಿ ಪರದೆ ತೋರಿಸಿದರು. ಮೋಟಾರಿನ ಜಾಗದಲ್ಲಿ 'ಶಕ್ತಿಮೂಲ: ಕೊಟ್ಟೂರಪ್ಪ ಮತ್ತು ಏಳು ಜನ' ಎಂದಿತ್ತು. "ನಿಯಮದ ಪ್ರಕಾರ ಶಕ್ತಿಮೂಲಕ್ಕೆ ದಣಿವಿಲ್ಲ, ಹಸಿವಿಲ್ಲ. ಕಂಪ್ಯೂಟರ್ ಒಪ್ಪಿದೆ."

ಕಂಪ್ಯೂಟರಿನಲ್ಲಿ ತಮ್ಮ ಹೆಸರು! ಕೊಟ್ಟೂರಪ್ಪ ಎರಡು ಸಲ ಓದಿಸಿಕೊಂಡರು. ಎದೆ ಉಬ್ಬಿತು. ಕರೆಂಟಿನ ಮಾತು ಮರೆತು ಬೆಲ್ಟಿಗೆ ಮರಳಿದರು.

ಶೇಂಗಾ ಈಗ ದಿನಕ್ಕೆ ಅರ್ಧ ಚೀಲದಂತೆ ಗಾಣಕ್ಕೆ ಬೀಳುತ್ತಿದೆ. ಹುಳಗಳು ಉಳಿದದ್ದನ್ನು ನೋಡಿಕೊಳ್ಳುತ್ತಿವೆ. ಪಕ್ಕದ ಮಿಲ್ಲಿನ ತೋಟಪ್ಪ ತನ್ನನ್ನೂ ಚಿತ್ರಕ್ಕೆ ಸೇರಿಸಬೇಕೆಂದು ಅರ್ಜಿ ಹಾಕಿದ್ದಾನೆ. ಮೊನ್ನೆ ಹೆಂಡತಿ ಬಸವಲಿಂಗಮ್ಮ ಮಜ್ಜಿಗೆ, ಟವೆಲ್ಲು ಹಿಡಿದು ಬಂದು, "ಮೈಯೆಲ್ಲಾ ಬೆವರು, ಒರೆಸ್ಕಳ್ರಿ," ಎಂದರು.

ಕೊಟ್ಟೂರಪ್ಪ ಬೆಲ್ಟು ಬಿಡದೆ ಅತ್ತಿತ್ತ ನೋಡಿದರು.

"ಮೆಲ್ಲಗೆ ಮಾತಾಡೇ, ಕಚೇರಿಯೋರು ಕೇಳಿಸ್ಕಂಡಾರು! ಚಿತ್ರದಾಗೆ ನಂಗೆ ಬೆವರಿಲ್ಲ."